ಘಟ್ಟ ಇಳಿಯುವ ಮುಂಚೆ

ಕೊಡಗಿನ ಯಾವುದಾದರೂ ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹತ್ತು ನಿಮಿಷ ನಿಂತು ನೋಡಿ. ಒಳಗೆ ಪ್ರಾರ್ಥನೆ, ಪ್ರಸಂಗ ನಡೆದದ್ದು ಕನ್ನಡದಲ್ಲಿ. ಹೊರಗೆ ಬಂದ ಕೂಡಲೇ ಒಬ್ಬರು ಮಲಯಾಳಂ, ಇನ್ನೊಬ್ಬರು ಕೊಂಕಣಿ, ಚಪ್ಪಲಿ ಹುಡುಕುತ್ತಿರುವವರು ತಮಿಳು. ತುಳುವಿನವರೂ ಇರುತ್ತಾರೆ. ಕಾಫಿ ತೋಟಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕೆಲಸಕ್ಕೆ ಜನ ಬರಲು ಶುರುವಾದ ಮೇಲೆ ಲೈನ್ ಮನೆಗಳ (ತೋಟದ ಕೆಲಸಗಾರರ ಸಾಲುಮನೆಗಳ) ಕಡೆಯ ಸಭೆಗಳಲ್ಲಿ ಹಿಂದಿಯೂ ಕಿವಿಗೆ ಬೀಳುತ್ತದೆ. ಇಂಥ ಜಾಗದಿಂದ ಒಬ್ಬ ಹುಡುಗನೋ ಹುಡುಗಿಯೋ ಸಭಾಸೇವೆಗೆಂದು, ಅಂದರೆ ಪಾದ್ರಿಯ ಕೆಲಸಕ್ಕೆಂದು, ಓದಲು ಹೊರಟರೆ ನೆಂಟರಿಷ್ಟರು ಕೇಳುವುದು ‘ಯಾವ ಕಾಲೇಜು?’ ಅಂತ. ಅದಕ್ಕೂ ಮೊದಲು ಕೇಳಬೇಕಾದ್ದು ‘ಯಾವ ಭಾಷೆಯಲ್ಲಿ?’ ಅಂತ.

ಈ ಭಾಷೆಗಳ ರಾಶಿ ಒಂದೇ ದಿನ ಬಿದ್ದದ್ದಲ್ಲ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕಥೋಲಿಕರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ. ಅವನೇ 1792ರಲ್ಲಿ ಕಟ್ಟಿದ ವಿರಾಜಪೇಟೆಯಲ್ಲಿ ಅವರು ನೆಲೆ ನಿಂತರು. ಊರಿನ ನಡುವೆ ಇವತ್ತಿಗೂ ಇರುವ ಸಂತ ಅನ್ನಮ್ಮನವರ ಚರ್ಚಿನ ಮೂಲ ಅಲ್ಲಿದೆ. ಅರುವತ್ತು ವರ್ಷ ಕಳೆದು, 1853ರಲ್ಲಿ, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಘಟ್ಟ ಹತ್ತಿ ಬಂದರು. ಅದಕ್ಕೆ ಹತ್ತು ವರ್ಷ ಮೊದಲೇ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರತಂದಿದ್ದ ಮನುಷ್ಯ. ಬರುವಾಗ ತಂದದ್ದು ಕನ್ನಡವನ್ನೇ. ಆಮೇಲೆ ಕಾಫಿ ತೋಟಗಳು ಎದ್ದವು, ಕೂಲಿಗೆಂದು ತಮಿಳರು, ಜಮೀನಿಗೆಂದು ಮಲಯಾಳಿಗಳು ಬಂದರು. ಹೀಗಾಗಿ ಕೊಡಗಿನಲ್ಲಿ ಕನ್ನಡ ಚರ್ಚಿನೊಳಗಿನ ಭಾಷೆ. ಮನೆಯೊಳಗಿನ ಭಾಷೆ ಹಲವರಿಗೆ ಬೇರೆ.

ಮೊದಲು ಕಥೋಲಿಕರ ದಾರಿಯನ್ನು ನೋಡೋಣ. ಇದು ಉದ್ದದ ದಾರಿ, ಆದರೆ ಪ್ರತಿ ತಿರುವಿಗೂ ಬೋರ್ಡು ಇದೆ. ಗುರುಗಳಾಗುವವರನ್ನು ಪ್ರತ್ಯೇಕ ಗುರುಮಠದಲ್ಲಿಟ್ಟು ತಯಾರು ಮಾಡಬೇಕೆಂದು ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ 1563ರಲ್ಲಿ ಕಟ್ಟಳೆ ಮಾಡಿತು. ಈಗಿನ ಧರ್ಮಸಭೆಯ ಕಾನೂನಿನ ಪ್ರಕಾರ ತತ್ವಶಾಸ್ತ್ರ ಕಡಿಮೆ ಎಂದರೆ 2 ಪೂರ್ಣ ವರ್ಷ, ದೈವಶಾಸ್ತ್ರ 4 ಪೂರ್ಣ ವರ್ಷ. ಇವೆರಡಕ್ಕೂ ಮುಂಚೆ ಕಿರಿಯ ಗುರುಮಠ, ಅದಾದ ಮೇಲೆ ಓದಿಗಿಂತ ಪ್ರಾರ್ಥನೆ, ಶಿಸ್ತು, ತನ್ನನ್ನು ತಾನು ಅರಿಯುವುದಕ್ಕೆಂದೇ ಇರುವ ಪೂರ್ವಸಿದ್ಧತೆಯ ಕಾಲ. ನಡುವೆ ಸಾಮಾನ್ಯವಾಗಿ ಒಂದು ವರ್ಷ ಪುಸ್ತಕ ಮುಚ್ಚಿ ಯಾವುದಾದರೂ ಧರ್ಮಕೇಂದ್ರದಲ್ಲೋ ಶಾಲೆಯಲ್ಲೋ ಕೆಲಸ. ಇದನ್ನು ರೀಜೆನ್ಸಿ ಎನ್ನುತ್ತಾರೆ. ಡೀಕನ್ (ಗುರುದೀಕ್ಷೆಗೆ ಮುಂಚಿನ ಮೆಟ್ಟಿಲು) ಆಗಲು 23 ತುಂಬಿರಬೇಕು, ಗುರುದೀಕ್ಷೆಗೆ 25, ಎರಡರ ನಡುವೆ ಕನಿಷ್ಠ 6 ತಿಂಗಳ ಅಂತರ. ಪಿಯುಸಿ ಮುಗಿಸಿ ಸೇರಿದ ಹುಡುಗ ಮೊದಲ ಬಲಿಪೂಜೆ ಅರ್ಪಿಸುವ ಹೊತ್ತಿಗೆ ಹತ್ತು ವರ್ಷದ ಆಚೀಚೆ ಆಗಿರುತ್ತದೆ. ಮಂಗಳೂರಿನ ಜೆಪ್ಪುವಿನ ಸಂತ ಜೋಸೆಫರ ಗುರುಮಠ 1879ರದು. ಬೆಂಗಳೂರಿನ ಮಲ್ಲೇಶ್ವರದ ಸಂತ ಪೇತ್ರರ ಗುರುಮಠ 1934ರಲ್ಲಿ ಪಾಂಡಿಚೇರಿಯಿಂದ ಅಲ್ಲಿಗೆ ಬಂದದ್ದು. ಧರ್ಮಪ್ರಾಂತಕ್ಕೆ (ಒಬ್ಬ ಬಿಷಪರ ಆಡಳಿತದ ಪ್ರದೇಶಕ್ಕೆ) ಸೇರುವವನು ಯಾವುದಕ್ಕೆ ಹೋಗಬೇಕೆಂದು ತೀರ್ಮಾನಿಸುವುದು ಅವನಲ್ಲ, ಅವನ ಬಿಷಪರು.

ಕೊಡಗಿನವರು ಎಡವುವುದು ಇದಕ್ಕಿಂತ ಮೊದಲೇ, ಜ್ಞಾನಸ್ನಾನದ ಪ್ರಮಾಣಪತ್ರದ ಹತ್ತಿರ. ಇಲ್ಲಿನ ಲ್ಯಾಟಿನ್ (ರೋಮನ್) ಪದ್ಧತಿಯ ಧರ್ಮಕೇಂದ್ರಗಳು ಮೈಸೂರು ಧರ್ಮಪ್ರಾಂತಕ್ಕೆ ಸೇರಿವೆ. ಕೇರಳದ ಕಥೋಲಿಕರ ಸೀರೋ ಮಲಬಾರ್ ಪದ್ಧತಿಯವು 1999ರಲ್ಲಿ ಆದ ಬೆಳ್ತಂಗಡಿ ಧರ್ಮಪ್ರಾಂತಕ್ಕೆ. ಕೇರಳ ಮೂಲದ ಎಷ್ಟೋ ಮನೆಯವರು ಹತ್ತಿರ ಇದೆಯೆಂದು ಲ್ಯಾಟಿನ್ ಚರ್ಚಿಗೆ ಹೋಗುತ್ತಾರೆ, ಮಕ್ಕಳ ಜ್ಞಾನಸ್ನಾನವೂ ಅಲ್ಲೇ ಆಗಿರುತ್ತದೆ. ಆದರೆ ಯಾವ ಕಲ್ಲಿನ ತೊಟ್ಟಿಯಲ್ಲಿ ನೀರು ಹೊಯ್ದರು ಎಂಬುದರ ಮೇಲೆ ಪದ್ಧತಿ ನಿರ್ಧಾರವಾಗುವುದಿಲ್ಲ. ಸಾಮಾನ್ಯವಾಗಿ ತಂದೆಯ ಪದ್ಧತಿಯೇ ಮಗುವಿಗೆ. ತಾನು ಲ್ಯಾಟಿನ್ ಎಂದುಕೊಂಡೇ ಬೆಳೆದ ಹುಡುಗ ಗುರುಮಠಕ್ಕೆ ಅರ್ಜಿ ಹಾಕಿದಾಗ ಕಾಗದದ ಮೇಲೆ ಸೀರೋ ಮಲಬಾರ್ ಎಂದು ತಿಳಿಯುತ್ತದೆ. ಪದ್ಧತಿ ಬದಲಾಯಿಸುವುದು ಸ್ಥಳೀಯ ಗುರುಗಳ ಕೈಯಲ್ಲಿ ಇಲ್ಲದ ಮಾತು, ಮೇಲಿನವರೆಗೂ ಅನುಮತಿ ಬೇಕು. ಹಾಗಾಗಿ ಎಸ್ಸೆಸ್ಸೆಲ್ಸಿಯಲ್ಲೇ ಒಮ್ಮೆ ವಿಚಾರಿಸಿಡುವುದು ಒಳ್ಳೆಯದು. ಸೀರಿಯನ್ ಆರ್ಥೊಡಾಕ್ಸ್ ಮನೆಯವರಿಗೆ ಈ ಗೊಂದಲ ಕಡಿಮೆ, ಅವರ ದಾರಿ ನೇರ ಕೋಟ್ಟಯಂಗೆ. ಅಲ್ಲಿನ ಹಳೆಯ ಸೆಮಿನರಿ 1815ರಿಂದ ಇದೆ.

ಪ್ರೊಟೆಸ್ಟಂಟರ ಕಡೆ ಬೋರ್ಡುಗಳು ಕಡಿಮೆ, ಅಡ್ಡದಾರಿಗಳು ಹೆಚ್ಚು. ಕೊಡಗಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳು ಕರ್ನಾಟಕ ದಕ್ಷಿಣ ಸಭಾಪ್ರಾಂತದವು, ಅದರ ಕೇಂದ್ರ ಮಂಗಳೂರಿನ ಬಲ್ಮಠ. ಅದೇ ಬಲ್ಮಠದಲ್ಲಿ 1965ರಿಂದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇದೆ, ಕೆಟಿಸಿ ಎಂದರೆ ಎಲ್ಲರಿಗೂ ಗೊತ್ತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರದು, ಅಲ್ಲಿ ಪಾಠ ಇಂಗ್ಲಿಷಿನಲ್ಲಿ. ಎರಡೂ ದೈವಶಾಸ್ತ್ರದ ಪದವಿ ಕೊಡುವ ಸೆರಾಂಪುರದ ಸೆನೆಟ್ಟಿಗೆ ಸೇರಿದವು. ಸೆರಾಂಪುರ ಎಂದರೆ ಕೋಲ್ಕತ್ತದ ಹತ್ತಿರ ಹೂಗ್ಲಿ ದಂಡೆಯ ಊರು. ವಿಲಿಯಂ ಕೇರಿ ಮತ್ತು ಜೊತೆಗಾರರು 1818ರಲ್ಲಿ ಅಲ್ಲಿ ಕಾಲೇಜು ಕಟ್ಟಿದರು, 1827ರಲ್ಲಿ ಡೆನ್ಮಾರ್ಕಿನ ರಾಜ ಪದವಿ ಕೊಡುವ ಸನ್ನದು ಕೊಟ್ಟ, 1918ರಲ್ಲಿ ಬಂಗಾಳ ಸರ್ಕಾರದ ಕಾಯಿದೆ ಬಂತು. ಕೊಡಗಿನ ಹುಡುಗ ಮಂಗಳೂರಿನಲ್ಲಿ ಓದಿ ಪಡೆಯುವ ಬಿ.ಡಿ. ಪದವಿಯ ಬೇರು ಡೇನರ ಒಂದು ಸಣ್ಣ ವಸಾಹತಿನಲ್ಲಿದೆ ಎಂಬುದು ತಮಾಷೆಯಾಗಿ ಕಂಡರೂ ನಿಜ.

ಬಿ.ಡಿ. ಎಂದರೆ ಬ್ಯಾಚುಲರ್ ಆಫ್ ಡಿವಿನಿಟಿ. ಡಿಗ್ರಿ ಆದವರಿಗೆ 4 ವರ್ಷ, ಪಿಯುಸಿ ಮುಗಿಸಿ ಬಂದವರಿಗೆ 5. ಸಭಾಪ್ರಾಂತದ ಅಭ್ಯರ್ಥಿಯಾಗಿ ಹೋಗುವುದು ಒಂದು, ಸ್ವಂತ ಖರ್ಚಿನಲ್ಲಿ ಹೋಗುವುದು ಇನ್ನೊಂದು. ಈ ವ್ಯತ್ಯಾಸವನ್ನು ಮನೆಯವರು ಸರಿಯಾಗಿ ತಿಳಿದುಕೊಳ್ಳಬೇಕು. ಅಭ್ಯರ್ಥಿಯಾಗಬೇಕಾದರೆ ಸ್ಥಳೀಯ ಸಭೆಯ ಸಮಿತಿ ಮತ್ತು ಅಯ್ಯನವರು (ಸಭಾಪಾಲಕರು) ಶಿಫಾರಸು ಬರೆಯಬೇಕು, ಆಮೇಲೆ ಸಭಾಪ್ರಾಂತದವರು ಕರೆದು ಸಂದರ್ಶನ ಮಾಡುತ್ತಾರೆ. ಓದು ಮುಗಿಸಿ ಬಂದ ಮೇಲೆ ಅವರು ಕಳಿಸಿದಲ್ಲಿ ಪರೀಕ್ಷಾವಧಿಯ ಸೇವೆ, ಮೊದಲು ಡೀಕನ್, ನಂತರ ಪೂರ್ಣ ದೀಕ್ಷೆ. ಸ್ವಂತವಾಗಿ ಓದಿದವರಿಗೂ ಅದೇ ಪದವಿ ಸಿಗುತ್ತದೆ, ಕೆಲಸ ಸಿಗುತ್ತದೆಂಬ ಭರವಸೆ ಇಲ್ಲ. ‘ಮೊದಲು ಸೇರಿಬಿಡಲಿ, ಆಮೇಲೆ ಸಭಾಪ್ರಾಂತದವರ ಹತ್ತಿರ ಮಾತಾಡೋಣ’ ಎನ್ನುವ ಲೆಕ್ಕಾಚಾರ ಬಹಳ ಸಲ ಕೈ ಕೊಡುತ್ತದೆ.

ಇನ್ನು ಒಂದು ವರ್ಷದಲ್ಲಿ, ಆರು ತಿಂಗಳಲ್ಲಿ ದೊಡ್ಡ ಹೆಸರಿನ ಪದವಿ ಕೊಡುವ ಬೈಬಲ್ ಶಾಲೆಗಳು. ಅವುಗಳಲ್ಲಿ ಪ್ರಾಮಾಣಿಕವಾಗಿ ಕಲಿಸುವವೂ ಇವೆ. ನೋಡಬೇಕಾದ್ದು ಒಂದೇ: ಸೆರಾಂಪುರದ ಸೆನೆಟ್ಟೋ ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್ನೋ, ಯಾರ ಮಾನ್ಯತೆ ಎಂದು ಬಾಯಿ ಬಿಟ್ಟು ಕೇಳಬೇಕು, ಮತ್ತು ನೀವು ಸೇವೆ ಮಾಡಬೇಕೆಂದಿರುವ ಸಭೆ ಆ ಮಾನ್ಯತೆಯನ್ನು ಒಪ್ಪುತ್ತದೆಯೇ ಎಂದು ಆ ಸಭೆಯವರನ್ನೇ ಕೇಳಬೇಕು. ಕಾಲೇಜಿನವರನ್ನು ಕೇಳಿದರೆ ಸಾಲದು.

ಭಾಷೆಯ ಮಾತಿಗೆ ಬರೋಣ. ಇಂಗ್ಲಿಷಿನಲ್ಲಿ ಓದಿದರೆ ಪುಸ್ತಕಗಳಿಗೆ ಬರವಿಲ್ಲ, ಮುಂದೆ ಎಂಟಿಎಚ್ (ದೈವಶಾಸ್ತ್ರದ ಸ್ನಾತಕೋತ್ತರ ಪದವಿ) ಮಾಡಲು, ಹೊರಗೆ ಹೋಗಲು ಅನುಕೂಲ. ಕನ್ನಡದಲ್ಲಿ ಓದಿದರೆ ಗ್ರಂಥಾಲಯದ ಕಪಾಟು ಬೇಗ ಮುಗಿಯುತ್ತದೆ, ಇಂಗ್ಲಿಷ್ ವ್ಯಾಖ್ಯಾನ ಓದಿ ಕನ್ನಡದಲ್ಲಿ ಉತ್ತರ ಬರೆಯುವ ಎರಡೆರಡು ಕೆಲಸ. ಇಷ್ಟಾದರೂ ಕನ್ನಡ ಏಕೆ ಎನ್ನುವವರು ಗ್ರೀಕ್ ತರಗತಿಯಲ್ಲಿ ಒಂದು ದಿನ ಕೂರಬೇಕು.

ಹೊಸ ಒಡಂಬಡಿಕೆಯ ಗ್ರೀಕ್ ಕಲಿಯುವಾಗ ಯೋಹಾನನ ಸುವಾರ್ತೆಯ ಮೊದಲ ಸಾಲು ಬೇಗನೇ ಎದುರಾಗುತ್ತದೆ: ‘ಎನ್ ಅರ್ಖೇ ಏನ್ ಹೊ ಲೊಗೊಸ್’. ‘ಎನ್ ಅರ್ಖೇ’ ಎರಡು ಪದ, ಕನ್ನಡದಲ್ಲಿ ಸಪ್ತಮಿ ವಿಭಕ್ತಿ ಹಚ್ಚಿದ ಒಂದೇ ಪದ, ‘ಆದಿಯಲ್ಲಿ’. ಹೈಸ್ಕೂಲಿನಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದವರಿಗೆ ಗ್ರೀಕಿನ ವಿಭಕ್ತಿಗಳು ಭೂತದಂತೆ ಕಾಣುವುದಿಲ್ಲ. ಮುಂದಿನ ‘ಏನ್’ ಎಂಬುದು ‘ಇರು’ ಧಾತುವಿನ ಭೂತಕಾಲ. ಗ್ರೀಕಿನಲ್ಲಿ ಆ ಕ್ರಿಯಾಪದಕ್ಕೆ ಲಿಂಗವಿಲ್ಲ. ಇಂಗ್ಲಿಷಿನವರಿಗೂ ಚಿಂತೆಯಿಲ್ಲ, ಅವರ ಕ್ರಿಯಾಪದಕ್ಕೂ ಲಿಂಗ ಹತ್ತುವುದಿಲ್ಲ. ಕನ್ನಡದವನು ಮಾತ್ರ ಸಿಕ್ಕಿಬೀಳುತ್ತಾನೆ: ಇತ್ತೋ, ಇದ್ದನೋ? ನಮ್ಮ ಹಳೆಯ ಅನುವಾದ ‘ಆದಿಯಲ್ಲಿ ವಾಕ್ಯವಿತ್ತು’ ಎಂದಿತು, ಏಕೆಂದರೆ ‘ವಾಕ್ಯ’ ನಪುಂಸಕಲಿಂಗ. ಗ್ರೀಕಿನ ‘ಲೊಗೊಸ್’ ಪುಲ್ಲಿಂಗ, ಅಧ್ಯಾಯ ಮುಂದೆ ಹೋದಂತೆ ಅದು ಮನುಷ್ಯನಾಗಿ ನಮ್ಮ ನಡುವೆ ವಾಸ ಮಾಡುತ್ತದೆ. ಕಥೋಲಿಕರ ಅನುವಾದ ‘ದಿವ್ಯವಾಣಿ’ ಎಂಬ ಪದ ಹಿಡಿಯಿತು; ‘ವಾಣಿ’ ಎಂದರೆ ಕನ್ನಡದ ಕಿವಿಗೆ ಸರಸ್ವತಿಯೂ ಹೌದು, ಆಕಾಶವಾಣಿಯೂ ಹೌದು. ಅದೇ ವಚನದ ಕೊನೆಯ ತುಂಡಿನಲ್ಲಿ ‘ಥೆಒಸ್’ (ದೇವರು) ಎಂಬ ಪದಕ್ಕೆ ಗ್ರೀಕಿನಲ್ಲಿ ನಿರ್ದೇಶಕ ಗುಣವಾಚಿ, ಅಂದರೆ ಇಂಗ್ಲಿಷಿನ ‘ದಿ’ಯಂಥ ಪದ, ಇಲ್ಲ. ಅದರ ಮೇಲೆ ಪುಟಗಟ್ಟಲೆ ವಾದ ನಡೆದಿದೆ. ಕನ್ನಡದಲ್ಲಿ ಅಂಥ ಪ್ರತ್ಯೇಕ ಪದವೇ ಇಲ್ಲ, ಹಾಗಾದರೆ ಆ ವ್ಯತ್ಯಾಸವನ್ನು ಕೇಳುಗರಿಗೆ ಹೇಗೆ ದಾಟಿಸುವುದು? ಒಂದು ವಚನಕ್ಕೆ ಮೂರು ಜಗಳ. ಈ ಜಗಳ ಪುಲ್ಪಿಟ್ಟಿನಲ್ಲಿ ಬೇಕಾಗುವ ಜಗಳ, ಮತ್ತು ಕನ್ನಡದಲ್ಲಿ ಕೂತು ಯೋಚಿಸಿದವನಿಗೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ.

ಹೀಬ್ರೂ ಹೆದರಿಸುವುದು ಬಲದಿಂದ ಎಡಕ್ಕೆ ಬರೆಯುವುದರಿಂದ. ಎರಡು ವಾರದಲ್ಲಿ ಆ ಹೆದರಿಕೆ ಹೋಗುತ್ತದೆ. 22 ವ್ಯಂಜನ, ಸ್ವರಗಳೆಲ್ಲ ಅಕ್ಷರದ ಕೆಳಗೆ ಮೇಲೆ ಇಡುವ ಚುಕ್ಕಿ ಗೆರೆಗಳು. ಕಾಗುಣಿತ ಬರೆದು ಬೆಳೆದ ಕೈಗೆ ಇದು ಹೊಸದಲ್ಲ. ಹೊಸದು ಮೂರು ವ್ಯಂಜನಗಳ ಧಾತು, ಅದನ್ನು ಗುರುತಿಸಲು ಕಣ್ಣು ಪಳಗಬೇಕು. ಸೋಲುವವರು ಸೋಲುವುದು ಬುದ್ಧಿಯ ಕೊರತೆಯಿಂದಲ್ಲ, ವಾರವಿಡೀ ಬಿಟ್ಟು ಪರೀಕ್ಷೆಯ ಹಿಂದಿನ ರಾತ್ರಿ ಕೂರುವುದರಿಂದ. ದಿನಕ್ಕೆ 20 ನಿಮಿಷ, ಹತ್ತು ಪದ, ಗಟ್ಟಿಯಾಗಿ ಓದಿ, ಅಷ್ಟೇ ಔಷಧಿ.

ಕನ್ನಡದಲ್ಲೇ ಓದಿದವರಿಗೂ ಇನ್ನೊಂದು ತೊಡಕು ಕಾದಿರುತ್ತದೆ. ಒಂದೇ ಊರಿನ ಎರಡು ಚರ್ಚುಗಳ ಕನ್ನಡ ಒಂದೇ ಅಲ್ಲ. ಪ್ರೊಟೆಸ್ಟಂಟರು ‘ಸುವಾರ್ತೆ’ ಎಂದಲ್ಲಿ ಕಥೋಲಿಕರು ‘ಶುಭಸಂದೇಶ’ ಎನ್ನುತ್ತಾರೆ. ಇಲ್ಲಿ ಸಭಾಪಾಲಕರು, ಅಲ್ಲಿ ಗುರುಗಳು. ಇಲ್ಲಿ ಕರ್ತನ ಭೋಜನ, ಅಲ್ಲಿ ಪರಮಪ್ರಸಾದ. ಕ್ರಿಸ್ಮಸ್ಸಿನ ಐಕ್ಯ ಕೂಟದಲ್ಲೋ ಮಿಶ್ರ ಮದುವೆಯಲ್ಲೋ ಇನ್ನೊಬ್ಬರ ಪದ ಬಾಯಿಗೆ ಬರದೆ ತಡವರಿಸುವುದು ಸಾಮಾನ್ಯ. ಇದನ್ನು ಯಾವ ಪಠ್ಯವೂ ಕಲಿಸುವುದಿಲ್ಲ, ಪಕ್ಕದ ಚರ್ಚಿಗೆ ಹೋಗಿ ಕೂತರೆ ಬರುತ್ತದೆ.

ಪ್ರಸಂಗ ತಯಾರಿಯ ತರಗತಿಯಲ್ಲಿ ಪೂರ್ತಿ ಬರೆದು ತರಬೇಕು, ಸಹಪಾಠಿಗಳ ಎದುರು ಹೇಳಬೇಕು, ಆಮೇಲೆ ಎಲ್ಲರೂ ಸೇರಿ ಬಿಡಿಸಿ ಇಡುತ್ತಾರೆ. ಕ್ರಮ ಸರಳ: ವಚನಭಾಗವನ್ನು ಎರಡು ಮೂರು ಅನುವಾದದಲ್ಲಿ ಓದು, ಹಿಂದೆ ಮುಂದೆ ಏನಿದೆ ನೋಡು, ಮುಖ್ಯ ಪದಗಳನ್ನು ಮೂಲದಲ್ಲಿ ಹುಡುಕು, ಆಗಿನ ಕೇಳುಗರಿಗೆ ಅದು ಏನು ಹೇಳಿತು ಎಂದು ಒಂದು ವಾಕ್ಯದಲ್ಲಿ ಬರೆ, ಅದಾದ ಮೇಲೇ ಇವತ್ತಿನ ಮಾತು. ಹೆಚ್ಚು ಮಂದಿ ಕೊನೆಯ ಮೆಟ್ಟಿಲಿನಿಂದ ಶುರು ಮಾಡುತ್ತಾರೆ. ಒಂದು ಕಥೆ ಸಿಕ್ಕಿರುತ್ತದೆ, ಅದಕ್ಕೆ ತಕ್ಕ ವಚನ ಹುಡುಕುತ್ತಾರೆ. ಇನ್ನು ಕೆಲವರ ಪ್ರಸಂಗ ಯೂಟ್ಯೂಬಿನಲ್ಲಿ ಕೇಳಿದ ಇಂಗ್ಲಿಷ್ ಪ್ರಸಂಗದ ಕನ್ನಡ ನೆರಳು, ‘ದೇವರು ನಿನ್ನ ಜೀವನಕ್ಕಾಗಿ ಒಂದು ಯೋಜನೆಯನ್ನು ಹೊಂದಿದ್ದಾನೆ’ ಎಂಬ ಧಾಟಿಯ ವಾಕ್ಯಗಳು. ಕನ್ನಡದಲ್ಲಿ ಯಾರೂ ಯೋಜನೆಯನ್ನು ‘ಹೊಂದಿರುವುದಿಲ್ಲ’. ಬೆಳಗ್ಗೆ ಆರಕ್ಕೆ ಎದ್ದು ತೋಟಕ್ಕೆ ಹೋಗುವ ಹೆಂಗಸಿಗೆ ಆ ಮಾತು ಚರ್ಚಿನ ಮೈಕಿನ ಗೊರಗೊರದಷ್ಟೇ ದೂರ.

ಕೊಡಗಿಗೆ ಮಾತ್ರ ಸೇರಿದ ಒಂದು ಸಂಗತಿ ಇದೆ: ಶೀಟಿನ ಮಾಡು. ಜುಲೈಯಲ್ಲಿ ತೋಟದ ಚಿಕ್ಕ ಚಾಪೆಲ್ಲಿನಲ್ಲಿ ಮಳೆ ಹೊಡೆಯುವಾಗ ಮೂರನೇ ಸಾಲಿಗೆ ದನಿ ಮುಟ್ಟುವುದಿಲ್ಲ, ಕರೆಂಟು ಹೋಗಿರುತ್ತದೆ, ಮೈಕಿಲ್ಲ. 20 ನಿಮಿಷದ ಪ್ರಸಂಗ ಹಿಡಿದು ಬಂದವನು ಅದನ್ನು 7 ನಿಮಿಷಕ್ಕೆ ಇಳಿಸಬೇಕು, ವಾಕ್ಯಗಳನ್ನು ತುಂಡು ಮಾಡಬೇಕು, ಮಳೆ ಜೋರಾದಾಗ ನಿಲ್ಲಿಸಿ ಒಂದು ಕೀರ್ತನೆ ಹಾಡಿಸಬೇಕು. ಬರೆದದ್ದನ್ನು ಓದುವವರಿಗೆ ಇದು ಆಗುವುದಿಲ್ಲ. ಮನಸ್ಸಿನಲ್ಲಿ ಆ ಒಂದು ವಾಕ್ಯ ಗಟ್ಟಿ ಇದ್ದವರಿಗೆ ಆಗುತ್ತದೆ.

ವಾರಾಂತ್ಯದ ಸಭಾಸೇವೆ ಎಲ್ಲ ಕಾಲೇಜುಗಳಲ್ಲೂ ಇದೆ. ವಿದ್ಯಾರ್ಥಿಗಳನ್ನು ಹತ್ತಿರದ ಸಭೆ, ಆಸ್ಪತ್ರೆ, ಹಾಸ್ಟೆಲುಗಳಿಗೆ ಕಳಿಸುತ್ತಾರೆ. ಹತ್ತಿರ ಎಂದರೆ ಮಂಗಳೂರಿನ, ಬೆಂಗಳೂರಿನ ಹತ್ತಿರ. ನಗರದ ಸಭೆಯಲ್ಲಿ ವರ್ಷವಿಡೀ ಹಾಜರಿ ಸುಮಾರಾಗಿ ಒಂದೇ ಸಮ. ಕೊಡಗಿನಲ್ಲಿ ಡಿಸೆಂಬರಿನಿಂದ ಕಾಫಿ ಕುಯ್ಲು ಬಿಗಿಯಾದರೆ ಅರ್ಧ ಬೆಂಚು ಖಾಲಿ, ಭಾನುವಾರ ಸಂತೆ ಇರುವ ಊರುಗಳಲ್ಲಿ ಬಟವಾಡೆ ಆದ ಮರುದಿನದ ಆರಾಧನೆಗೆ ಹೆಂಗಸರು ಬ್ಯಾಗಿನೊಂದಿಗೇ ಬಂದು ಕೊನೆಯ ಕೀರ್ತನೆಗೆ ಮುಂಚೆ ಎದ್ದು ಹೋಗುತ್ತಾರೆ. ಹೊಸದಾಗಿ ಬಂದ ಸಭಾಪಾಲಕರು ಇದನ್ನು ಭಕ್ತಿ ಇಳಿದದ್ದೆಂದು ತಿಳಿದು ಗದರಿದ್ದುಂಟು. ಗದರುವ ಬದಲು ಆರಾಧನೆಯನ್ನು ಒಂದು ಗಂಟೆ ಮುಂಚೆ ಇಟ್ಟುಕೊಂಡರೆ ಮುಗಿಯಿತು. ಸಂಜೆ ಮನೆಭೇಟಿಗೆ ಹೊರಟರೆ ಆನೆ ಇರುವ ದಾರಿ ಯಾವುದು ಎಂದು ಕೇಳಿಕೊಂಡು ಹೋಗಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದಾಗ ಮನೆ, ತೋಟ ಎರಡೂ ಕಳೆದುಕೊಂಡವರ ಪಕ್ಕ ಕೂರುವ ಕೆಲಸ ಇಲ್ಲಿನ ಎಲ್ಲ ಧರ್ಮದವರಿಗೂ ಬಿತ್ತು. ಆಪ್ತಸಮಾಲೋಚನೆಯ ಪತ್ರಿಕೆಯಲ್ಲಿ ಪಾಸಾಗುವುದಕ್ಕೂ ಅಂಥವರ ಎದುರು ಬಾಯಿ ಮುಚ್ಚಿ ಅರ್ಧ ಗಂಟೆ ಕೂರುವುದಕ್ಕೂ ಸಂಬಂಧವಿದೆ, ಆದರೆ ಎರಡೂ ಒಂದೇ ಅಲ್ಲ.

ಕಾಲೇಜುಗಳು ಕೈಬಿಡುವ ದೊಡ್ಡ ವಿಷಯ ರಿಜಿಸ್ಟರು. ದೀಕ್ಷೆಯಾದ ಮೊದಲ ವಾರದಲ್ಲೇ ಜ್ಞಾನಸ್ನಾನ, ಮದುವೆ, ಸಮಾಧಿಯ ಪುಸ್ತಕಗಳು ಕೈಗೆ ಬರುತ್ತವೆ. ಮದುವೆ ನಡೆಯುವುದು 1872ರ ಕ್ರೈಸ್ತ ವಿವಾಹ ಕಾಯಿದೆಯಡಿ. ಸಮಯ ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೆ (ಕಥೋಲಿಕ ಗುರುಗಳಿಗೆ ಬಿಷಪರ ಅನುಮತಿಯಿಂದ ವಿನಾಯಿತಿ ಇದೆ), ಸಾಕ್ಷಿಗಳು ಕಡಿಮೆ ಎಂದರೆ ಇಬ್ಬರು. ಮಳೆಗಾಲದಲ್ಲಿ ದಿಬ್ಬಣದ ಬಸ್ಸು ಘಟ್ಟದಲ್ಲಿ ಸಿಕ್ಕಿಕೊಂಡು ಆರೂವರೆಗೆ ಬಂದಾಗ ಈ 7 ಗಂಟೆಯ ಗೆರೆ ನೆನಪಿಗೆ ಬರಬೇಕು. ಚರ್ಚಿನ ಜಾಗದ ಆರ್‌ಟಿಸಿ ಯಾರ ಹೆಸರಿನಲ್ಲಿದೆ, ಪಕ್ಕದ ಜಮ್ಮಾ ಬಾಣೆಯ (ಕೊಡವ ಮನೆತನಗಳ ಪಾರಂಪರಿಕ ಜಮೀನಿನ) ಗಡಿ ಎಲ್ಲಿ, ಸ್ಮಶಾನಕ್ಕೆ ಹೋಗುವ ದಾರಿ ಕಾಗದದಲ್ಲಿ ಇದೆಯೋ ಬರೀ ರೂಢಿಯಲ್ಲೋ, ಇವೆಲ್ಲ ತಾಲ್ಲೂಕು ಕಚೇರಿಯ ಪಾಠ. ಕೊನೆಯ ವರ್ಷದಲ್ಲಿ ಇದಕ್ಕೆಂದು ಹತ್ತು ತರಗತಿ ಇಟ್ಟರೂ ಸಾಕಿತ್ತು. ಇಟ್ಟಲ್ಲಿಯೂ ಅದನ್ನು ಪರೀಕ್ಷೆಗಿಲ್ಲದ ಪಾಠವೆಂದು ಹುಡುಗರು ತಪ್ಪಿಸುತ್ತಾರೆ.

ಹೆಣ್ಣುಮಕ್ಕಳ ವಿಷಯ ಎರಡು ಮಾತಿನಲ್ಲಿ. ಕಥೋಲಿಕರಲ್ಲಿ ಗುರುದೀಕ್ಷೆ ಗಂಡಸರಿಗೆ ಮಾತ್ರ, ಕನ್ಯಾಸ್ತ್ರೀಯರು ದೈವಶಾಸ್ತ್ರ ಓದಬಹುದು. ಸಿಎಸ್‌ಐನಲ್ಲಿ ಹೆಣ್ಣುಮಕ್ಕಳಿಗೂ ದೀಕ್ಷೆ ಇದೆ, 2013ರಲ್ಲಿ ಇ. ಪುಷ್ಪಲಲಿತಾ ನಂದ್ಯಾಲದ ಬಿಷಪರೂ ಆದರು. ನಿಯಮದಲ್ಲಿ ಅಡ್ಡಿಯಿಲ್ಲ. ಅಡ್ಡಿ ಬರುವುದು ‘ಒಬ್ಬಳೇ ಹೆಂಗಸು ಆ ತೋಟದ ಕಡೆಯ ಪಾರ್ಸನೇಜಿನಲ್ಲಿ ಹೇಗಿರುತ್ತಾಳೆ’ ಎಂಬ ಸಮಿತಿಯ ಮಾತಿನಲ್ಲಿ. ಆ ಸಮಿತಿಯಲ್ಲಿ ಕೂತವರ ಮನೆಯ ನರ್ಸು, ಟೀಚರು ಅದೇ ದಾರಿಯಲ್ಲಿ ದಿನಾ ಓಡಾಡುತ್ತಿರುತ್ತಾರೆ.

ಹೋಗಲು ತೀರ್ಮಾನಿಸಿದವರು ಸೇರುವ ಮುಂಚೆ ಒಮ್ಮೆ ಕಾಲೇಜು ನೋಡಿ ಬನ್ನಿ. ಮಡಿಕೇರಿಯಿಂದ ಮಂಗಳೂರು ಬಸ್ಸಿನಲ್ಲಿ ನಾಲ್ಕು ಗಂಟೆಯ ಹಾದಿ. ಕನ್ನಡದಲ್ಲಿ ಪರೀಕ್ಷೆ ಬರೆಯಬಹುದೇ, ಎಲ್ಲ ಪತ್ರಿಕೆಗಳನ್ನೋ ಕೆಲವನ್ನೋ, ಕೇಳಿ. ಗ್ರಂಥಾಲಯದಲ್ಲಿ ಕನ್ನಡದ ಕಪಾಟು ಎಷ್ಟುದ್ದ ಇದೆ, ಅದರಲ್ಲಿ ಕಳೆದ ಹತ್ತು ವರ್ಷದ ಪುಸ್ತಕ ಎಷ್ಟು, ಕಣ್ಣಾರೆ ನೋಡಿ. ಊಟದ ಹೊತ್ತಿಗೆ ಮೆಸ್ಸಿನಲ್ಲಿ ಎರಡನೇ ವರ್ಷದವರ ಪಕ್ಕ ಕೂತು ವಾರಾಂತ್ಯಕ್ಕೆ ಎಲ್ಲಿಗೆ ಕಳಿಸುತ್ತಾರೆ, ಬಸ್ಸಿನ ಖರ್ಚು ಯಾರದು ಎಂದು ವಿಚಾರಿಸಿ.

ಕಾಗದಪತ್ರವನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು, ಆಧಾರಿನ ಹೆಸರು, ಜ್ಞಾನಸ್ನಾನದ ಪುಸ್ತಕದ ಹೆಸರು ಮೂರೂ ಹೊಂದಬೇಕು. ಕೊಡಗಿನಲ್ಲಿ ಹೊಂದುವುದು ಅಪರೂಪ: ಪುಸ್ತಕದಲ್ಲಿ ಸಂತರ ಹೆಸರು, ಶಾಲೆಯಲ್ಲಿ ಕರೆಯುವ ಹೆಸರು, ಮನೆತನದ ಹೆಸರು ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ. ತೋಟದ ಚಾಪೆಲ್ಲಿನಲ್ಲಿ ಜ್ಞಾನಸ್ನಾನ ಆಗಿದ್ದರೆ ದಾಖಲೆ ಅಲ್ಲಿರುವುದಿಲ್ಲ, ಅದು ಸೇರಿದ ಮುಖ್ಯ ಚರ್ಚಿನಲ್ಲಿ ಹುಡುಕಬೇಕು. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಪ್ರಮಾಣಪತ್ರ ನಡೆಯುವುದಿಲ್ಲ, ಪುಸ್ತಕದ ಅಂಚಿನಲ್ಲಿ ಆಮೇಲೆ ಬರೆದದ್ದೂ ಸೇರಿ ಹೊಸದಾಗಿ ಬರೆಸಿಕೊಳ್ಳಬೇಕು. ಈ ಕೆಲಸವನ್ನು ನವೆಂಬರಿನೊಳಗೆ ಮುಗಿಸಿ. ಡಿಸೆಂಬರ್ ಬಂತೆಂದರೆ ಒಂದು ಕಡೆ ಕ್ರಿಸ್ಮಸ್, ಇನ್ನೊಂದು ಕಡೆ ಕುಯ್ಲು. ಅಯ್ಯನವರಿಗೆ ರಿಜಿಸ್ಟರ್ ತೆರೆಯಲು ಬಿಡುವಿರುವುದಿಲ್ಲ, ಸಾಕ್ಷಿ ಹೇಳಬೇಕಾದ ಅಜ್ಜಿ ಕಣದಲ್ಲಿ ಕಾಫಿ ಹರವುತ್ತಿರುತ್ತಾಳೆ.